ಕಡ್ಡಾಯ ಹೋದ ಮೇಲೂ ಉಳಿದ ನಂಟು: ಕಾಫಿ ಬೋರ್ಡ್ ಮತ್ತು ಬೆಳೆಗಾರರು

1990 ರ ದಶಕದ ಆರಂಭದವರೆಗೂ ಕಾಫಿ ಬೆಳೆಗಾರ ತಾನು ಬೆಳೆದ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಮನೆ ಖರ್ಚಿಗೆ, ಬೀಜಕ್ಕೆ ಅಂತ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ಕಾನೂನೇ ಹಾಗಿತ್ತು. ಕೊಡುವ ದಿನ ಬೆಲೆ ಎಷ್ಟು ಅಂತ ಗೊತ್ತಿರುತ್ತಿರಲಿಲ್ಲ. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಕೊನೆಯ ಕಂತು ಕೈ ಸೇರುವ ಹೊತ್ತಿಗೆ ಮುಂದಿನ ಫಸಲು ಕಣಕ್ಕೆ ಬಂದಿರುತ್ತಿದ್ದದ್ದೂ ಉಂಟು.

ಈಗ ಅದೇನೂ ಇಲ್ಲ. ಮೂಟೆ ಕಟ್ಟಿದ ಸಂಜೆಯೇ ವ್ಯಾಪಾರಿಗೆ ಫೋನ್ ಮಾಡಬಹುದು, ದರ ಒಪ್ಪಿಗೆಯಾದರೆ ಮಾರಬಹುದು. ಬೋರ್ಡನ್ನು ಕೇಳಬೇಕಾಗಿಯೇ ಇಲ್ಲ. ಆದರೂ ಅರೇಬಿಕಾ ಜಾತಿಯ ಕಾಫಿ ಗಿಡ ಹಳದಿಯಾದರೆ, ಹೊಸ ತೋಟಕ್ಕೆ ಬೀಜ ಬೇಕಾದರೆ, ಯುರೋಪಿನವರು ಹೊಸ ದಾಖಲೆ ಕೇಳಿದರೆ, ಅದೇ ಬೆಳೆಗಾರ ಬೋರ್ಡಿನ ಆಫೀಸಿನ ಬಾಗಿಲಿಗೆ ಹೋಗುತ್ತಾನೆ. ಬೈದುಕೊಂಡಾದರೂ ಹೋಗುತ್ತಾನೆ.

ಸರ್ಕಾರದ ಸಂಸ್ಥೆಗೂ ಅದು ಸೇವೆ ಮಾಡಬೇಕಾದ ಉದ್ಯಮಕ್ಕೂ ನಡುವಿನ ಸಂಬಂಧ ಹೇಗೆ ಬಾಳುತ್ತದೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಸಿಗುವುದು ಕಷ್ಟ. ಒಂದೇ ಸಂಸ್ಥೆ, ಒಂದೇ ಬೆಳೆ. ಅರ್ಧ ಶತಮಾನ ಕೈಯಲ್ಲಿ ಪೂರ್ತಿ ಅಧಿಕಾರ ಇತ್ತು, ಆಮೇಲೆ ಅದು ಹೋಯಿತು. ಅಧಿಕಾರ ಹೋದ ಮೇಲೆ ಏನು ಉಳಿಯಿತು ಅಂತ ನೋಡಿದರೆ, ಆ ನಂಟನ್ನು ಹಿಡಿದಿಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ.

ಯುದ್ಧದಲ್ಲಿ ಹುಟ್ಟಿದ ಬೋರ್ಡ್

ಕಾಫಿ ಬೋರ್ಡ್ ಹುಟ್ಟಿದ್ದು ಕಷ್ಟಕಾಲದಲ್ಲಿ. ಅದಕ್ಕೂ ಮೊದಲು 1930 ರ ದಶಕದಲ್ಲಿ ಕಾಫಿ ಸೆಸ್ ಸಮಿತಿ ಅಂತ ಒಂದಿತ್ತು. ಕಾಫಿಯ ಮೇಲೆ ಸಣ್ಣ ಸೆಸ್ ಎತ್ತಿ, ಆ ಹಣದಲ್ಲಿ ಪ್ರಚಾರ ಮಾಡುವುದು ಅದರ ಕೆಲಸ. 1936 ರಲ್ಲಿ ಮುಂಬೈಯಲ್ಲಿ ಶುರುವಾದ ಇಂಡಿಯಾ ಕಾಫಿ ಹೌಸ್ ಅದರ ಕೂಸು. ಎರಡನೇ ಮಹಾಯುದ್ಧ ಶುರುವಾಗಿದ್ದೇ ತಡ, ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಕಾಫಿ ಕೊಳ್ಳುವವರೇ ಇಲ್ಲ. ಕೈಯಲ್ಲಿರುವ ಸರಕನ್ನೆಲ್ಲ ಒಂದು ಕಡೆ ಸೇರಿಸಿ, ಮೆಲ್ಲಗೆ ಮಾರಿ, ಬಂದ ಹಣವನ್ನು ಎಲ್ಲರಿಗೂ ಹಂಚುವುದೊಂದೇ ದಾರಿ ಅಂತ ಆಗ ಅನ್ನಿಸಿತು. 1940 ರಲ್ಲಿ ಸುಗ್ರೀವಾಜ್ಞೆ, 1942 ರಲ್ಲಿ ಕಾಯ್ದೆ. ಬೋರ್ಡಿನ ಕೇಂದ್ರ ಕಚೇರಿ ಬೆಂಗಳೂರು.

ಯುದ್ಧ ಮುಗಿಯಿತು, ಪೂಲ್ ಮುಗಿಯಲಿಲ್ಲ. ಅದಕ್ಕೆ ಕಾರಣವೂ ಇತ್ತು. ಬೆಲೆ ಬಿದ್ದಾಗ ಸಣ್ಣ ಬೆಳೆಗಾರನಿಗೆ ಅದು ಆಸರೆ. ವ್ಯಾಪಾರಿಯ ಮುಂದೆ ಒಬ್ಬನೇ ನಿಂತು ಚೌಕಾಸಿ ಮಾಡುವ ಕಷ್ಟ ತಪ್ಪುತ್ತಿತ್ತು. ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಹೋಗುತ್ತದೆ, ಅಲ್ಲಿ ದರ್ಜೆ ಮಾಡುತ್ತಾರೆ, ದರ್ಜೆಗೆ ತಕ್ಕ ಹಾಗೆ ಪಾಯಿಂಟ್, ಪಾಯಿಂಟಿಗೆ ಇಷ್ಟು ಅಂತ ದುಡ್ಡು. ದೊಡ್ಡ ಎಸ್ಟೇಟಿಗೂ ಮೂರು ಎಕರೆಯವನಿಗೂ ಲೆಕ್ಕ ಒಂದೇ.

ತೊಂದರೆ ಇದ್ದದ್ದು ಬೇರೆ ಕಡೆ. ತುಂಬ ಶ್ರಮ ಹಾಕಿ ಒಳ್ಳೆ ಕಾಫಿ ಮಾಡಿದವನ ಸರಕೂ ಎಲ್ಲರ ಸರಕಿನ ಜೊತೆ ಬೆರೆತು ಹೋಗುತ್ತಿತ್ತು. ಅವನ ತೋಟದ ಹೆಸರು ಅವನ ಗೇಟಿನಿಂದ ಆಚೆ ದಾಟುತ್ತಿರಲಿಲ್ಲ. ಇನ್ನೊಂದು ವಿಚಾರ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ: ಬೆಳೆಗಾರನಿಗೆ ಬೇರೆ ದಾರಿಯೇ ಇಲ್ಲದಿದ್ದಾಗ ಅವನು ಸಂತೋಷವಾಗಿದ್ದಾನೋ ಇಲ್ಲವೋ ಅಂತ ಸಂಸ್ಥೆಗೆ ತಿಳಿಯುವ ಬಗೆಯೂ ಇರುವುದಿಲ್ಲ. ಕಾಫಿ ಹೇಗಿದ್ದರೂ ಬಂದೇ ಬರುತ್ತದಲ್ವಾ!

ಆ ಸಂಬಂಧ ಎಂಥದ್ದು ಅನ್ನುವುದು ಕೋರ್ಟಿನವರೆಗೂ ಹೋಯಿತು. ಪೂಲ್‌ಗೆ ಬರುವ ಕಾಫಿಯ ಮೇಲೆ ಕರ್ನಾಟಕ ಸರ್ಕಾರ ಖರೀದಿ ತೆರಿಗೆ ಕೇಳಿತು. ಇದು ಖರೀದಿಯೇ ಅಲ್ಲ, ಕಾನೂನಿನ ಬಲದಿಂದ ವಶಕ್ಕೆ ತೆಗೆದುಕೊಳ್ಳುವುದು ಅಂತ ಬೋರ್ಡ್ ವಾದಿಸಿತು. 1988 ರಲ್ಲಿ ಸುಪ್ರೀಂ ಕೋರ್ಟ್ ಇದು ಮಾರಾಟವೇ ಅಂತ ತೀರ್ಪು ಕೊಟ್ಟಿತು. ತೆರಿಗೆಯ ಜಗಳ ಒತ್ತಟ್ಟಿಗಿರಲಿ. ಸೇವೆಗೆಂದು ಇರುವ ಸಂಸ್ಥೆಯೇ 'ನಾವು ಇವರಿಂದ ಕೊಳ್ಳುತ್ತಿಲ್ಲ, ಬಲವಂತವಾಗಿ ತೆಗೆದುಕೊಳ್ಳುತ್ತಿದ್ದೇವೆ' ಅಂತ ಕೋರ್ಟಿನಲ್ಲಿ ನಿಂತು ಹೇಳಬೇಕಾಗಿ ಬಂದದ್ದು ಆ ಕಾಲದ ನಂಟಿನ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ.

ಬಾಗಿಲು ತೆರೆದದ್ದು

ಆಮೇಲಿನದ್ದು ಬೇಗ ಬೇಗ ಆಯಿತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅಂತ ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989 ರಲ್ಲಿ ಕುಸಿಯಿತು. 1991 ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಅದು, ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿತ್ತು. ಬೆಳೆಗಾರರ ಸಂಘಟನೆಗಳು ಮುಕ್ತ ಮಾರುಕಟ್ಟೆ ಬೇಕೆಂದು ಒತ್ತಾಯ ಮಾಡಿದವು. 1992 ರಿಂದ ಹಂತ ಹಂತವಾಗಿ ಸ್ವಲ್ಪ ಪಾಲು ಹೊರಗೆ ಮಾರಲು ಬಿಟ್ಟರು. 1996 ರಲ್ಲಿ ಪೂರ್ತಿ ಬಿಟ್ಟರು. ನಡುವೆ 1994 ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾಗಿ, ಇಲ್ಲಿ ಬೆಲೆ ಏರಿತ್ತು. ಹಾಗಾಗಿ ಪೂಲ್ ಹೋದದ್ದಕ್ಕೆ ಅಷ್ಟಾಗಿ ಯಾರೂ ಅಳಲಿಲ್ಲ. 2000 ದ ನಂತರ ಬೆಲೆ ಪಾತಾಳಕ್ಕೆ ಬಿದ್ದಾಗ ಹಲವರಿಗೆ ಪೂಲ್ ನೆನಪಾಯಿತು.

ಇಲ್ಲಿ ಬ್ರೆಜಿಲ್‌ನ ಮಾತು ಹೇಳಬೇಕು. ಅಲ್ಲೂ ಕಾಫಿಗೆ ಸರ್ಕಾರದ್ದೇ ಒಂದು ದೊಡ್ಡ ಸಂಸ್ಥೆ ಇತ್ತು, ಬ್ರೆಜಿಲ್ ಕಾಫಿ ಇನ್‌ಸ್ಟಿಟ್ಯೂಟ್ ಅಂತ. 1990 ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪೂರ್ತಿ ಮುಚ್ಚಿಬಿಟ್ಟಿತು. ಕೊಲಂಬಿಯಾದ ದಾರಿ ಇನ್ನೊಂದು. ಅಲ್ಲಿ 1927 ರಿಂದ ಬೆಳೆಗಾರರದ್ದೇ ಒಕ್ಕೂಟ. ಸಂಶೋಧನೆ, ಸಲಹೆ, ಖರೀದಿ ಎಲ್ಲ ಅದರ ಕೈಯಲ್ಲಿ. ಭಾರತ ಎರಡನ್ನೂ ಮಾಡಲಿಲ್ಲ. ಬೋರ್ಡನ್ನು ಇಟ್ಟುಕೊಂಡು, ಮಾರುವ ಅಧಿಕಾರವನ್ನು ಮಾತ್ರ ತೆಗೆಯಿತು. ಇನ್ನು ಮುಂದೆ ಬೆಳೆಗಾರ ಬಂದರೆ ಅವನಿಗೇ ಬೇಕೆನಿಸಿ ಬರಬೇಕು.

ಬಾಳೆಹೊನ್ನೂರಿನ ಬೀಜ

ಬಂದದ್ದು ಯಾಕೆ ಅನ್ನುವುದಕ್ಕೆ ಉತ್ತರ ಬೋರ್ಡಿಗಿಂತ ಹಳೆಯದು. 1925 ರಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಆಮೇಲೆ ಅದು ಬೋರ್ಡಿಗೆ ಸೇರಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು. ಕೊಡಗಿನ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಬಂತು.

ಎಲೆ ತುಕ್ಕು ರೋಗ ಆಗಿನ ದೊಡ್ಡ ಪಿಡುಗು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಕೊನೆಗೆ ಎಲೆಯೆಲ್ಲ ಉದುರಿ ಗಿಡ ಬೋಳು. 1911 ರ ಸುಮಾರಿಗೆ ಕೆಂಟ್ ಎಂಬ ಪ್ಲಾಂಟರ್ ತಮ್ಮ ತೋಟದಲ್ಲಿ ರೋಗ ತಡೆದು ನಿಂತ ಗಿಡಗಳನ್ನು ಆರಿಸಿ ಬೆಳೆಸಿದರು. ಆ ತಳಿಗೆ ಕೆಂಟ್ಸ್ ಅಂತಲೇ ಹೆಸರು. ಬಾಳೆಹೊನ್ನೂರಿನ ವಿಜ್ಞಾನಿಗಳು ಅದನ್ನು ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿಯ ಗುಣ ಸೇರಿದ ಎಸ್.288 ತಳಿಯ ಜೊತೆ ಕೂಡಿಸಿದರು. ಅದರಿಂದ ಬಂದದ್ದು ಎಸ್.795. 1940 ರ ದಶಕದಲ್ಲಿ ಬಿಡುಗಡೆಯಾದ ಆ ತಳಿ ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಇದೆ. ತೋಟದಿಂದ ಬಂದ ಗಿಡ ಕೇಂದ್ರಕ್ಕೆ ಹೋಯಿತು, ಕೇಂದ್ರದಿಂದ ಬೀಜವಾಗಿ ತೋಟಕ್ಕೆ ಮರಳಿತು. ಕೊಡುಕೊಳ್ಳುವಿಕೆ ಅಂದರೆ ಇದು.

ಎಲ್ಲ ತಳಿಯೂ ಹೀಗೆ ನಿಲ್ಲಲಿಲ್ಲ. 1985 ರಲ್ಲಿ ಬಂದ ಕಾವೇರಿ ಗಿಡ್ಡ ತಳಿ, ಬೇಗ ಫಸಲು ಕೊಡುತ್ತಿತ್ತು. ಜನ ಆಸೆಯಿಂದ ಹಾಕಿದರು. ಕೆಲವು ವರ್ಷಗಳಲ್ಲಿ ಅದರ ರೋಗ ತಡೆಯುವ ಶಕ್ತಿ ಕುಗ್ಗಿತು. ಆಮೇಲೆ 2007 ರಲ್ಲಿ ಚಂದ್ರಗಿರಿ ಬಂತು. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು, ದಶಕಗಟ್ಟಲೆ ಅದನ್ನೇ ನಂಬಿ ಬದುಕಬೇಕು. ತಳಿ ಸೋತರೆ ಬೆಳೆಗಾರ ಕಳೆದುಕೊಳ್ಳುವುದು ಒಂದು ವರ್ಷದ ಬೆಳೆಯನ್ನಲ್ಲ, ಆಯುಸ್ಸಿನ ಒಂದು ಭಾಗವನ್ನು. ಹಾಗಾಗಿ ಹೊಸ ತಳಿ ಕೊಡುವ ಸಂಸ್ಥೆ ಅದರ ಒಳ್ಳೆಯ ಗುಣದ ಜೊತೆ ದೌರ್ಬಲ್ಯವನ್ನೂ ಮೊದಲೇ ಬಾಯಿಬಿಟ್ಟು ಹೇಳಬೇಕು. ಹೇಳಿದವರ ಮಾತಿಗೆ ಮುಂದಿನ ಸಲ ಬೆಲೆ ಇರುತ್ತದೆ.

ಬೇಲಿ ನೋಡದ ಹುಳ

ಬೋರರ್, ಅಂದರೆ ಕಾಂಡ ಕೊರೆಯುವ ಹುಳದ ವಿಚಾರ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸರ್ಕಾರಿ ಸಂಸ್ಥೆ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಇದರಲ್ಲೇ ಉತ್ತರ ಇದೆ.

ಬಿಳಿ ಕಾಂಡ ಕೊರಕ ಅರೇಬಿಕಾದ ಶತ್ರು. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ ತಂಟೆಗೆ ಅದು ಬರುವುದಿಲ್ಲ. ದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೋಗಿ ಕಾಂಡವನ್ನು ಸುರಂಗದ ಹಾಗೆ ಕೊರೆಯುತ್ತದೆ. ಹೊರಗಿಂದ ನೋಡಿದರೆ ಗಿಡದ ಎಲೆ ಹಳದಿಯಾಗಿ ಜೋತು ಬಿದ್ದಿರುತ್ತದೆ. ಅಷ್ಟು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಗೊತ್ತಿರುವವರು ಕಾಂಡದ ಮೇಲೆ ಅಂಗೈ ಆಡಿಸಿ ನೋಡುತ್ತಾರೆ. ತೊಗಟೆ ಒಂದು ಕಡೆ ಉಬ್ಬಿ ಏಣು ಎದ್ದಿದ್ದರೆ ಒಳಗೆ ಹುಳ ಇದೆ ಅಂತ ಅರ್ಥ. ಆ ಗಿಡವನ್ನು ಕಿತ್ತು ಸುಡಬೇಕು. ಬಿಟ್ಟರೆ ಒಳಗಿನ ಹುಳ ದುಂಬಿಯಾಗಿ ಹೊರಗೆ ಬರುತ್ತದೆ.

ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್-ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ತೋಟವೆಲ್ಲ ಸುತ್ತಿ ಹುಳ ಬಿದ್ದ ಗಿಡ ಹುಡುಕಿ ತೆಗೆಯಬೇಕು. ಇದಕ್ಕೆ ಬೋರರ್ ಟ್ರೇಸಿಂಗ್ ಅನ್ನುತ್ತಾರೆ. ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಮೊಟ್ಟೆ ಇಡಲು ಬಿರುಕು ಸಿಗದ ಹಾಗೆ. ವಾಸನೆಯಿಂದ ದುಂಬಿಯನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು. ಬಿಸಿಲು ಜಾಸ್ತಿ ಬೀಳುವ ಕಡೆ ನೆರಳಿನ ಮರ ಬೆಳೆಸುವುದು, ಯಾಕೆಂದರೆ ದುಂಬಿಗೆ ಬಿಸಿಲು ಬೇಕು. ಹಿಂದೆ ಕಾಂಡಕ್ಕೆ ಲಿಂಡೇನ್ ಎಂಬ ಕೀಟನಾಶಕ ಬಳಿಯುತ್ತಿದ್ದರು. ಅದು ನಿಷೇಧವಾಯಿತು. ಅಷ್ಟೇ ಪರಿಣಾಮದ ಇನ್ನೊಂದು ಔಷಧಿ ಕೊಡಿ ಅಂತ ಬೆಳೆಗಾರರು ಸಭೆ ಸಭೆಯಲ್ಲೂ ಕೇಳುತ್ತಾ ಬಂದಿದ್ದಾರೆ, ಅದು ನ್ಯಾಯವಾದ ಕೋಪ.

ಈಗ ಯೋಚನೆ ಮಾಡಿ. ನಾನು ನನ್ನ ತೋಟದ ಹುಳ ಬಿದ್ದ ಗಿಡಗಳನ್ನೆಲ್ಲ ಕಿತ್ತು ಸುಟ್ಟೆ. ಪಕ್ಕದ ತೋಟದವರು ಬೆಂಗಳೂರಿನಲ್ಲಿದ್ದಾರೆ, ಅವರ ತೋಟದಲ್ಲಿ ಹುಡುಕಿದವರಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿಂದ ದುಂಬಿ ಹಾರಿ ನನ್ನ ಗಿಡಕ್ಕೆ ಬರುತ್ತದೆ. ನನ್ನ ಶ್ರಮವೆಲ್ಲ ನೀರುಪಾಲು. ಔಷಧಿ ಅಂಗಡಿಯವರು ನನಗೆ ಡಬ್ಬ ಮಾರಬಹುದು, ಪಕ್ಕದವರಿಗೆ ಫೋನ್ ಮಾಡಿ 'ನಿಮ್ಮ ಗಿಡ ಕೀಳಿಸಿ' ಅನ್ನುವುದು ಅವರ ಕೆಲಸವಲ್ಲ. ಇಡೀ ಊರನ್ನು ಒಂದೇ ತಿಂಗಳಲ್ಲಿ ಒಂದೇ ಕೆಲಸಕ್ಕೆ ಇಳಿಸಲು ಯಾರ ಲಾಭಕ್ಕೂ ಕೆಲಸ ಮಾಡದ ಒಬ್ಬರು ಬೇಕು. ಸಂಪರ್ಕಾಧಿಕಾರಿ, ಅಂದರೆ ಊರವರ ಬಾಯಲ್ಲಿ ಸುಮ್ನೆ 'ಕಾಫಿ ಬೋರ್ಡಿನವರು', ಬರಬೇಕಾದದ್ದು ಇಲ್ಲಿಗೆ.

1990 ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಹಣ್ಣು ಕೊರಕ ಮೊದಲ ಸಲ ಕಾಣಿಸಿಕೊಂಡಾಗಲೂ ಇದೇ ಪಾಠ. ಅದು ರೋಬಸ್ಟಾವನ್ನೂ ಬಿಡಲಿಲ್ಲ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣನ್ನೆಲ್ಲ ಆರಿಸಿ ತೆಗೆಯುವುದೇ ಅದಕ್ಕೆ ಮುಖ್ಯ ಮದ್ದು, ಒಬ್ಬರು ಬಿಟ್ಟರೂ ಎಲ್ಲರಿಗೂ ಕಷ್ಟ.

ಬೋರ್ಡಿನವರು ಅನ್ನುವಾಗ ಬೆಳೆಗಾರನ ಮನಸ್ಸಿನಲ್ಲಿ ಬರುವುದು ಬೆಂಗಳೂರಿನ ದೊಡ್ಡ ಕಟ್ಟಡ ಅಲ್ಲ, ತನ್ನ ಹೋಬಳಿಗೆ ಬರುವ ಆ ಒಬ್ಬ ಅಧಿಕಾರಿಯ ಮುಖ. ಅವರು ಎರಡು ಮೂರು ವರ್ಷ ಅದೇ ಜಾಗದಲ್ಲಿದ್ದರೆ ಯಾರ ತೋಟದ ಯಾವ ಮೂಲೆಯಲ್ಲಿ ಬಿಸಿಲು ಬೀಳುತ್ತದೆ ಅಂತ ಅವರಿಗೇ ಗೊತ್ತಿರುತ್ತದೆ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ 100 ಕ್ಕೆ 98 ಕ್ಕಿಂತ ಜಾಸ್ತಿ 10 ಹೆಕ್ಟೇರ್ ಒಳಗಿನವು. ಸಂಖ್ಯೆ ಲಕ್ಷಗಳಲ್ಲಿ. ಅಷ್ಟು ಜನಕ್ಕೆ ಆ ಮುಖಗಳು ಸಾಲುವುದಿಲ್ಲ, ಹುದ್ದೆ ಖಾಲಿ ಬಿದ್ದಿವೆ ಅನ್ನುವುದು ಬೆಳೆಗಾರರ ಹಳೆಯ ದೂರು. ನನ್ನ ಮಟ್ಟಿಗೆ ಬೇರೆ ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಇದೇ. ಸಬ್ಸಿಡಿ ತಡವಾದರೆ ಬೆಳೆಗಾರ ಗೊಣಗುತ್ತಾನೆ, ತೋಟಕ್ಕೆ ಬರುವವರೇ ನಿಂತುಹೋದರೆ ಮರೆತೇಬಿಡುತ್ತಾನೆ.

ಲೆಕ್ಕ ಯಾರದ್ದು ನಂಬುವುದು

ಈ ನಂಟಿನ ಎರಡನೆಯ ಎಳೆ ಮಾಹಿತಿ. ಬೋರ್ಡ್ ವರ್ಷಕ್ಕೆ ಎರಡು ಸಲ ಬೆಳೆಯ ಅಂದಾಜು ಕೊಡುತ್ತದೆ. ಹೂ ಮಳೆ ಬಿದ್ದು ಹೂ ಅರಳಿದ ಮೇಲೆ ಒಂದು, ಮಳೆಗಾಲ ಮುಗಿದ ಮೇಲೆ ಇನ್ನೊಂದು. ಈ ಅಂದಾಜಿಗೆ ಬೇಕಾದ ವಿವರ ಬರುವುದು ತೋಟಗಳಿಂದಲೇ. ಅಂದಾಜು ಜಾಸ್ತಿ ಬಂದರೆ ಬೆಲೆ ಬೀಳುತ್ತದೆ ಅಂತ ಬೆಳೆಗಾರರಿಗೆ ಭಯ, ಕಮ್ಮಿ ಬಂದರೆ ರಫ್ತುದಾರರಿಗೆ ಇರಿಸುಮುರಿಸು. ಸಂಖ್ಯೆ ಹೊರಬಿದ್ದ ಮಾರನೇ ದಿನವೇ ಆಕ್ಷೇಪ ಬರುತ್ತದೆ. ಜಗಳ ಇದ್ದರೂ ಎಲ್ಲರೂ ಮಾತಾಡುವುದು ಅದೇ ಸಂಖ್ಯೆಯನ್ನು ಮುಂದಿಟ್ಟುಕೊಂಡು. ಇಬ್ಬರಿಗೂ ಪೂರ್ತಿ ಹಿಡಿಸದ, ಆದರೆ ಇಬ್ಬರೂ ಬಳಸುವ ಲೆಕ್ಕ ಕೊಡುವುದು ಸರ್ಕಾರಿ ಸಂಸ್ಥೆಯೊಂದು ಮಾಡಬಹುದಾದ ದೊಡ್ಡ ಕೆಲಸ.

ದಿನದ ದರಪಟ್ಟಿಯೂ ಹಾಗೇ. ಪೂಲ್ ಕಾಲದಲ್ಲಿ ಬೋರ್ಡ್ ಬೆಲೆ ಕೊಡುತ್ತಿತ್ತು, ಈಗ ಬೆಲೆ ತಿಳಿಸುತ್ತದೆ. ಲಂಡನ್‌ನಲ್ಲಿ ರೋಬಸ್ಟಾ, ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಎಷ್ಟಿದೆ ಅಂತ ನೋಡಿಕೊಂಡ ಬೆಳೆಗಾರ 50 ಕೆಜಿ ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಮೂಟೆಗೆ ವ್ಯಾಪಾರಿ ಹೇಳುವ ದರ ನ್ಯಾಯವೋ ಅಲ್ಲವೋ ಅಂತ ಅಳೆಯಬಲ್ಲ. ಔಟ್‌ಟರ್ನ್ (ಮೂಟೆಯಿಂದ ಸಿಗುವ ಬೀಜದ ಪ್ರಮಾಣ), ತೇವ ಅಂತ ಕಡಿತ ಮಾಡುವಾಗ ಎದುರು ಮಾತಾಡಬಲ್ಲ.

ಮೇಜಿನ ಸುತ್ತ ಯಾರು

ಬೋರ್ಡ್ ಅಂದರೆ ಬರೀ ಅಧಿಕಾರಿಗಳಲ್ಲ. ಅಧ್ಯಕ್ಷರೂ ಸೇರಿ 33 ಸದಸ್ಯರು. ದೊಡ್ಡ ಬೆಳೆಗಾರರು, ಸಣ್ಣ ಬೆಳೆಗಾರರು, ವ್ಯಾಪಾರಿಗಳು, ಕ್ಯೂರಿಂಗ್‌ನವರು, ಕಾರ್ಮಿಕರು, ಬಳಕೆದಾರರು, ರಾಜ್ಯ ಸರ್ಕಾರಗಳು, ಸಂಸದರು, ಎಲ್ಲರಿಗೂ ಜಾಗ ಇದೆ. ಈಚಿನ ವರ್ಷಗಳಲ್ಲಿ ಬೆಳೆಗಾರರೇ ಅಧ್ಯಕ್ಷರಾದದ್ದೂ ಇದೆ. ಕೇಳಲು ಚೆನ್ನಾಗಿದೆ. ಆದರೆ ಬೆಳೆಗಾರನಿಗೆ ಬೇಕಾದದ್ದು ಮರದ ಬೇಲಿ ದಾಟಿ ಬರುವ ಆನೆಗೆ ಪರಿಹಾರ, ಅದು ಅರಣ್ಯ ಇಲಾಖೆ. ಕಾಫಿಯ ನಡುವೆ ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿಗೆ ಸಾಂಬಾರ ಮಂಡಳಿಯೇ ಬೇರೆ. ಸಾಲದ ಮಾತು ಬ್ಯಾಂಕಿನದ್ದು, ಪಹಣಿ ಕಂದಾಯ ಇಲಾಖೆಯದ್ದು. ತೋಟ ಒಂದೇ, ಇಲಾಖೆ ಐದಾರು. ಕಾಫಿಯ ವಿಚಾರಕ್ಕೆ ಮಾತ್ರ ತಾನು ಅನ್ನುವ ಅಧಿಕಾರಿಗಿಂತ, ಬೇರೆ ಕಚೇರಿಗೆ ಒಂದು ಫೋನ್ ಮಾಡಿ ದಾರಿ ಹೇಳುವ ಅಧಿಕಾರಿಯನ್ನು ಬೆಳೆಗಾರ ವರ್ಷಗಟ್ಟಲೆ ನೆನೆಯುತ್ತಾನೆ.

ಯುರೋಪಿನ ಹೊಸ ಪ್ರಶ್ನೆ

ಈಗ ಈ ನಂಟಿಗೆ ಹೊಸ ಪರೀಕ್ಷೆ ಬಂದಿದೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, 2021-22 ರಲ್ಲಿ ರಫ್ತಿನ ಮೌಲ್ಯ 100 ಕೋಟಿ ಡಾಲರ್ ದಾಟಿತು. ಅತಿ ದೊಡ್ಡ ಗಿರಾಕಿ ಇಟಲಿ. ಯುರೋಪ್ ಒಕ್ಕೂಟ 2023 ರಲ್ಲಿ ಒಂದು ಕಾನೂನು ಮಾಡಿದೆ. 2020 ರ ಡಿಸೆಂಬರ್ 31 ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಬರುವಂತಿಲ್ಲ. ಬೆಳೆದ ಜಾಗ ಎಲ್ಲಿ ಅಂತ ಅಕ್ಷಾಂಶ-ರೇಖಾಂಶ ಸಮೇತ ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತುಂಡಾದರೆ ಸುತ್ತಳತೆಯ ನಕ್ಷೆಯೇ ಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತಾ ಬಂದಿದೆ, ಕಾನೂನು ಮಾತ್ರ ರದ್ದಾಗಿಲ್ಲ.

ನಮ್ಮದು ನೆರಳಿನ ಕಾಫಿ. ಮರದಡಿಯ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನ ಹಾಗೆಯೇ ಕಾಣಬಹುದು. ಇದು ಕಾಡಲ್ಲ, ಅಜ್ಜನ ಕಾಲದ ತೋಟ ಅಂತ ಯಾರಾದರೂ ದಾಖಲೆ ಸಮೇತ ಹೇಳಬೇಕು. ಮೂರು ಎಕರೆಯ ಬೆಳೆಗಾರ ಒಬ್ಬನೇ ಇದನ್ನು ಮಾಡಲಾರ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹಿಂದಿನ ತಲೆಮಾರಿನವರ ಹೆಸರೇ ಇರುವುದುಂಟು. ಈಗ ತೋಟ ನೋಡಿಕೊಳ್ಳುವ ಮೊಮ್ಮಗನ ಹೆಸರು ಆ ಕಾಗದದಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೋರ್ಡ್ ಮೊಬೈಲ್ ಆ್ಯಪ್ ಮೂಲಕ ನೋಂದಣಿ ಮಾಡಿಸಿ ಅಂತ ಕೇಳುತ್ತಿದೆ. ಇಲ್ಲಿ ಕಾನೂನಿನ ಬಲ ಕೆಲಸಕ್ಕೆ ಬರುವುದಿಲ್ಲ. ಬೆಳೆಗಾರ ತನ್ನ ತೋಟದ ಗಡಿಯ ವಿವರವನ್ನು ಮನಸಾರೆ ಕೊಡಬೇಕು.

ಅವನು ಕೇಳುವ ಪ್ರಶ್ನೆಗಳು ಸರಳ. ಈ ನಕ್ಷೆ ಯಾರ ಯಾರ ಕೈಗೆ ಹೋಗುತ್ತದೆ? ನಾಳೆ ಕಂದಾಯದವರು ಇದನ್ನೇ ಹಿಡಿದು ಒತ್ತುವರಿ ಅಂತ ನೋಟಿಸ್ ಕೊಡುತ್ತಾರಾ? ಖರ್ಚು ಯಾರದ್ದು? ನೋಂದಣಿ ಮಾಡಿದವನ ಕಾಫಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತದಾ? ಇವಕ್ಕೆ ಉತ್ತರವನ್ನು ಬರವಣಿಗೆಯಲ್ಲಿ, ಕನ್ನಡದಲ್ಲಿ, ನೋಂದಣಿಗೆ ಮೊದಲೇ ಕೊಡಬೇಕು. 1942 ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತರಲು 2022 ರಲ್ಲಿ ಕರಡು ಬಂದಿತ್ತು. ಮುಂದೆ ಯಾವ ರೂಪದಲ್ಲಿ ಬಂದರೂ, ಬೆಳೆಗಾರರ ದತ್ತಾಂಶವನ್ನು ಬೋರ್ಡ್ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಹೋಬಳಿಗೆ ಇಷ್ಟು ಸಂಪರ್ಕಾಧಿಕಾರಿ ಇರಲೇಬೇಕು ಅನ್ನುವುದೂ ಅದರಲ್ಲೇ ಸೇರಲಿ. ಬೆಳೆಗಾರರ ಸಂಘಗಳು ಕೂತು ಮಾತಾಡುವಾಗ ಮೊದಲು ಹಿಡಿಯಬೇಕಾದ ಎರಡು ವಿಚಾರ ಇವು.